ತಿರುಗಿಸಿದ ಪಾದ

ಹುಡುಗಿ ಬದುಕಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಕ್ಯಾನ್ಸರ್ ಎಂದೊಡನೆ ಕೇಳುವವರ ಮನಸ್ಸು ಒಂದೇ ಕಡೆ ಓಡುತ್ತದೆ. ಆ ಭಯವನ್ನು ಬದಿಗಿಟ್ಟು ಕೇಳಿದರೆ ಒಳ್ಳೆಯದು. ನಾನು ಹೇಳಹೊರಟಿರುವುದು ಅವಳ ಎಡಗಾಲಿನ ವಿಷಯ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಟ್ಲಾಂಟಾದ ಒಂದು ಆಸ್ಪತ್ರೆಯಲ್ಲಿ ಮೂಳೆಯ ಗಡ್ಡೆಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ತಂಡದಲ್ಲಿ ನಾನು ಕಿರಿಯ ಸರ್ಜನ್ ಆಗಿದ್ದೆ. ತಂಡದ ಹಿರಿಯರು ಅಲ್ಲಿಯವರೇ, ಅರವತ್ತರ ಆಸುಪಾಸಿನವರು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮಿತ. ಅಂಥ ರೋಗಕ್ಕೆ ಕಾಲು ಕತ್ತರಿಸುವುದೊಂದೇ ದಾರಿ ಎನ್ನುತ್ತಿದ್ದ ಕಾಲದಲ್ಲಿ ಅವರು ಕೆಲಸ ಕಲಿತವರು. ಕಾಲು ಉಳಿಸಿಕೊಂಡೇ ಗಡ್ಡೆ ತೆಗೆಯಬಹುದು ಎಂಬುದು ರೂಢಿಗೆ ಬಂದ ಮೇಲೆ ನಾನು ಕಲಿತೆ. ಹಾಗಾಗಿ ನನ್ನಲ್ಲಿ ಹುರುಪು ಹೆಚ್ಚು, ಅವರಲ್ಲಿ ಅನುಮಾನ ಹೆಚ್ಚು. ಕೆಲಸಕ್ಕೆ ಎರಡೂ ಬೇಕಿತ್ತು.

ಆ ಕುಟುಂಬ ಬಂದದ್ದು ಸೌತ್ ಕೆರೊಲಿನಾದಿಂದ. ತಂದೆ ಅಲ್ಲಿನ ಬಟ್ಟೆ ಗಿರಣಿಯೊಂದರಲ್ಲಿ ಎಂಜಿನಿಯರ್. ಊರು ದಾವಣಗೆರೆ, ಅಲ್ಲಿಯ ಹತ್ತಿ ಗಿರಣಿಯಲ್ಲಿ ಕೆಲಸ ಕಲಿತು ಇಲ್ಲಿಯ ಮಗ್ಗಗಳಿಗೆ ಬಂದವರು. ತಾಯಿ ಅದೇ ಊರಿನವರು, ಸಸ್ಯಶಾಸ್ತ್ರ ಓದಿದವರು. ಒಬ್ಬಳೇ ಮಗಳು, ಒಂಬತ್ತು ವರ್ಷ. ಶಾಲೆಯಲ್ಲಿ ಹಗ್ಗ ಜಿಗಿತದ ತಂಡ ಇತ್ತಂತೆ. ಅದರಲ್ಲಿ ಇವಳು ಒಂದೇ ಕಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಜಿಗಿಯುತ್ತಿದ್ದಳು. ಮಂಡಿ ನೋವು ಎಂದಾಗ ತರಬೇತುದಾರರು ಉಳುಕು ಎಂದರು, ಊರಿನ ಡಾಕ್ಟರು ಬೆಳೆಯುವ ಮಕ್ಕಳಿಗೆ ಬರುವ ನೋವು ಎಂದರು. ಆಟವಿಲ್ಲದ ದಿನವೂ ನೋವು ಉಳಿದಾಗ ಎಕ್ಸ್‌ರೇ ತೆಗೆದರು. ತೊಡೆಯ ಮೂಳೆಯ ಕೆಳತುದಿ, ಮಂಡಿಗೆ ಸ್ವಲ್ಪ ಮೇಲೆ, ಮೂಳೆಯ ಅಂಚು ಗೆರೆ ತಪ್ಪಿ ಹೊರಕ್ಕೆ ಕಿರಣಗಳಂತೆ ಹರಡಿತ್ತು. ಆ ಚಿತ್ರ ನೋಡಿದ ಯಾವ ಮೂಳೆ ವೈದ್ಯರೂ ಎರಡನೇ ಸಲ ನೋಡಬೇಕಾಗಿರಲಿಲ್ಲ.

ಮೊದಲ ಭೇಟಿಯಲ್ಲಿ ತಾಯಿ ರೋಗದ ಬಗ್ಗೆ ಏನೂ ಕೇಳಲಿಲ್ಲ. ಕೋಟಿನ ಮೇಲಿನ ನನ್ನ ಹೆಸರನ್ನು ಓದಿ, "ನೀವು ಕನ್ನಡದೋರಾ?" ಎಂದರು.

"ಹೌದ್ರಿ. ಹುಬ್ಬಳ್ಳಿ."

"ಸದ್ಯ," ಎಂದು ಕುರ್ಚಿಯ ಮೇಲೆ ಕುಳಿತರು. ಅರ್ಧ ರೋಗ ವಾಸಿಯಾದಂತೆ ಉಸಿರು ಬಿಟ್ಟರು. ಆ ನಂಬಿಕೆಯ ಭಾರ ನನಗೆ ಆ ಕ್ಷಣದಲ್ಲೇ ತಿಳಿಯಿತು.

ಬಯಾಪ್ಸಿ ನಾನೇ ಮಾಡಿದೆ. ಇದು ಸಣ್ಣ ಕೆಲಸದಂತೆ ಕಾಣುತ್ತದೆ, ಸಣ್ಣದಲ್ಲ. ಸೂಜಿ ಹೋದ ದಾರಿಯಲ್ಲೆಲ್ಲ ಗಡ್ಡೆಯ ಕಣಗಳು ಉಳಿದಿರಬಹುದು. ಮುಂದೆ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಆ ದಾರಿಯನ್ನೂ ಸೇರಿಸಿಯೇ ಕತ್ತರಿಸಿ ತೆಗೆಯಬೇಕು. ಆದ್ದರಿಂದ ಎಲ್ಲಿ ಚುಚ್ಚುತ್ತೇವೆ ಎಂಬುದರಲ್ಲೇ ಕಾಲು ಉಳಿಯುವುದೋ ಇಲ್ಲವೋ ಅರ್ಧ ನಿರ್ಧಾರವಾಗುತ್ತದೆ. ವರದಿ ನಾವು ಎಣಿಸಿದಂತೆಯೇ ಬಂತು: ಆಸ್ಟಿಯೋಸಾರ್ಕೋಮಾ, ಮೂಳೆಯ ಕ್ಯಾನ್ಸರ್. ಶ್ವಾಸಕೋಶದ ಸ್ಕ್ಯಾನ್ ಮಾತ್ರ ಸ್ವಚ್ಛವಾಗಿತ್ತು. ಅದೊಂದು ಸಮಾಧಾನ.

ಮೊದಲು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ, ಮತ್ತೆ ಕೀಮೋ. ಕ್ರಮ ಹೀಗಿತ್ತು. ಆ ತಿಂಗಳುಗಳಲ್ಲಿ ತಾಯಿ ಆಸ್ಪತ್ರೆಯಲ್ಲೇ ಉಳಿದರು. ತಂದೆ ವಾರಾಂತ್ಯಕ್ಕೆ ಎಂಬತ್ತೈದನೇ ನಂಬರಿನ ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದರು, ಥರ್ಮಾಸಿನಲ್ಲಿ ತಿಳಿಸಾರು ಹಿಡಿದುಕೊಂಡು. ಹುಡುಗಿಗೆ ಸಾರಿನ ವಾಸನೆಯೇ ಆಗುತ್ತಿರಲಿಲ್ಲ. ಹಳದಿ ಔಷಧಿ ನರದೊಳಗೆ ಇಳಿಯುವ ದಿನ ಅವಳು ಬರೀ ಒಣ ಸೀರಿಯಲ್ ಅನ್ನು ಒಂದೊಂದೇ ಕಾಳಿನಂತೆ ಬಾಯಿಗೆ ಹಾಕಿಕೊಂಡು ಕಾರ್ಟೂನ್ ನೋಡುತ್ತಿದ್ದಳು. ನನ್ನನ್ನು ಡಾಕ್ಟರ್ ಆಂಟಿ ಎಂದು ಕರೆಯತೊಡಗಿದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಅಮ್ಮ ಗದರಿದರೆ ಎರಡು ಮಾತು ಕನ್ನಡಕ್ಕೆ ತಿರುಗುತ್ತಿದ್ದಳು.

ಕೀಮೋದ ಮೊದಲ ಭಾಗ ಮುಗಿಯುತ್ತ ಬಂದಾಗ ಹಿರಿಯರು ತಂದೆ ತಾಯಿಯನ್ನು ಕೂರಿಸಿಕೊಂಡರು. ನಾನೂ ಇದ್ದೆ. ಹುಡುಗಿ ಆಟದ ಕೋಣೆಯಲ್ಲಿದ್ದಳು. ಅಂಥ ಮಾತುಕತೆಗೆ ಅಷ್ಟು ಸಣ್ಣ ಮಕ್ಕಳನ್ನು ಕರೆಯುವ ಪದ್ಧತಿ ಇರಲಿಲ್ಲ.

ಹಿರಿಯರು ಮೂರು ದಾರಿಗಳನ್ನು ಹೇಳಿದರು. ಒಂದು, ತೊಡೆಯ ಮಟ್ಟದಲ್ಲಿ ಕಾಲು ಕತ್ತರಿಸಿ ಕೃತಕ ಕಾಲು ಹಾಕುವುದು. ಇನ್ನೊಂದು, ಗಡ್ಡೆಯಿರುವ ಮೂಳೆಯನ್ನು ಮಂಡಿಯ ಸಮೇತ ತೆಗೆದು ಆ ಜಾಗದಲ್ಲಿ ಲೋಹದ ಮೂಳೆ, ಲೋಹದ ಮಂಡಿ ಕೂಡಿಸುವುದು. ಅವಳು ಇನ್ನೂ ಬೆಳೆಯುವ ಹುಡುಗಿ. ತೊಡೆಮೂಳೆ ಹೆಚ್ಚು ಬೆಳೆಯುವುದೇ ಮಂಡಿಯ ಹತ್ತಿರದ ತುದಿಯಲ್ಲಿ. ಆ ತುದಿಯೇ ಹೋಗುವುದರಿಂದ, ಲೋಹದ ಮೂಳೆಯೊಳಗೆ ಒಂದು ಸ್ಕ್ರೂ ಇಟ್ಟು ಆಗಾಗ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ತಿರುಗಿಸುತ್ತ ಉದ್ದ ಮಾಡಬೇಕು.

ಮೂರನೆಯದನ್ನು ಹೇಳುವ ಮೊದಲು ಅವರು ನನ್ನತ್ತ ನೋಡಿದರು. ನಾನು ಅದನ್ನು ಕನ್ನಡದಲ್ಲೇ ವಿವರಿಸಿದೆ. ಇಬ್ಬರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆದರೂ ಅಂಥದ್ದನ್ನು ಇನ್ನೊಂದು ಭಾಷೆಯಲ್ಲಿ ಕೇಳಿದರೆ ಬೇರೆ ಅರ್ಥ ಹೊರಡಬಹುದೇನೋ ಎಂಬ ಆಸೆ ಅವರ ಮುಖದಲ್ಲಿತ್ತು.

ಗಡ್ಡೆಯಿರುವ ತೊಡೆಯ ಭಾಗವನ್ನು ಮಂಡಿಯ ಸಮೇತ ತೆಗೆಯುವುದು. ಕಾಲಿನ ನರವನ್ನೂ ರಕ್ತನಾಳವನ್ನೂ ಮಾತ್ರ ಉಳಿಸುವುದು. ಕೆಳಗಿನ ಆರೋಗ್ಯವಾದ ಕಾಲನ್ನು ಮೇಲಕ್ಕೆ ತಂದು, ಅರ್ಧ ಸುತ್ತು ತಿರುಗಿಸಿ, ಉಳಿದ ತೊಡೆಮೂಳೆಗೆ ಕೂಡಿಸುವುದು. ಆಗ ಅವಳ ಹರಡು, ಅಂದರೆ ಪಾದದ ಕೀಲು, ಇನ್ನೊಂದು ಕಾಲಿನ ಮಂಡಿಯ ಮಟ್ಟಕ್ಕೆ ಬರುತ್ತದೆ. ಪಾದ ಹಿಂದಕ್ಕೆ ನೋಡುತ್ತದೆ. ಆ ಪಾದವನ್ನು ಕೃತಕ ಕಾಲಿನೊಳಗೆ ಇಟ್ಟರೆ ಹರಡೇ ಮಂಡಿಯಾಗಿ ಮಡಚುತ್ತದೆ. ಜೀವಂತ ಮಂಡಿ. ಓಡಬಹುದು, ಜಿಗಿಯಬಹುದು, ಮತ್ತೆ ಮತ್ತೆ ಆಸ್ಪತ್ರೆಗೆ ಬರಬೇಕಿಲ್ಲ.

ಹಾಗೆ ಚಿಕಿತ್ಸೆಯಾದ ಒಂದು ಮಗು ಹುಲ್ಲಿನ ಮೇಲೆ ಓಡುವ ವಿಡಿಯೋ ನಮ್ಮಲ್ಲಿತ್ತು. ಹಾಕಿ ತೋರಿಸಿದೆ. ತಂದೆ ಮುಂದಕ್ಕೆ ಬಾಗಿ ನೋಡಿದರು. ಓಟ ಮುಗಿದು ಆ ಮಗು ಕೂತು ಕೃತಕ ಕಾಲನ್ನು ಬಿಚ್ಚಿದಾಗ ತಾಯಿ ಕಣ್ಣು ತೆಗೆದು ಗೋಡೆ ನೋಡತೊಡಗಿದರು.

"ನೀವಾದ್ರೆ ಯಾವುದು ಮಾಡಿಸ್ತೀರಿ?" ತಂದೆ ಕೇಳಿದರು.

"ಇದನ್ನೇ," ಎಂದೆ. "ನೋಡ್ಲಿಕ್ಕೆ ಕಷ್ಟ ಆಗ್ತದ, ನನಗೂ ಗೊತ್ತದ. ಆದ್ರ ಒಂಬತ್ತು ವರ್ಷದ ಹುಡುಗಿಗೆ ಇದೇ ಚಲೋ."

ತಾಯಿ ನನ್ನತ್ತ ತಿರುಗಿದರು. ಅಂದಿನವರೆಗೆ ಡಾಕ್ಟ್ರೇ ಎನ್ನುತ್ತಿದ್ದವರು, "ಅಕ್ಕಾ," ಎಂದರು. "ಹಿಂದಕ್ಕೆ ತಿರುಗಿದ ಪಾದ ಯಾರಿಗಿರುತ್ತೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ನನ್ನಜ್ಜಿ ಕತ್ತಲಲ್ಲಿ ಯಾರಾದರೂ ಹೆಂಗಸು ಕರೆದರೆ ಮೊದಲು ಕಾಲು ನೋಡು ಎಂದು ಹೇಳಿ ನಮ್ಮನ್ನು ನಡುಗಿಸುತ್ತಿದ್ದಳು. ಪಾದ ಹಿಂದುಮುಂದಾಗಿದ್ದರೆ ಅದು ಬದುಕಿರುವ ಹೆಂಗಸಲ್ಲ. ಕನ್ನಡ ನಾಡಿನಲ್ಲಿ ಬೆಳೆದ ಯಾರಿಗೆ ತಾನೆ ಇದು ಗೊತ್ತಿಲ್ಲ?

"ನಾನೇನು ದೆವ್ವ ಗಿವ್ವ ನಂಬೋಳಲ್ಲ," ತಾಯಿ ತಾವೇ ಮುಂದುವರಿಸಿದರು. "ಎಂಎಸ್ಸಿ ಮಾಡಿದೀನಿ. ಆದ್ರೆ ದಿನಾ ಅವಳಿಗೆ ಎಣ್ಣೆ ಹಚ್ಚಿ ಸ್ನಾನ ಮಾಡ್ಸೋಳು ನಾನು. ಆ ಪಾದಕ್ಕೆ ಎಣ್ಣೆ ಹಚ್ಬೇಕಲ್ಲ ಅಕ್ಕಾ ನಾನು. ನನ್ನ ಕೈಲಾಗಲ್ಲ."

ಹಿರಿಯರು ಅವರೇನು ಹೇಳಿದರು ಎಂದು ನನ್ನನ್ನು ಕೇಳಿದರು. ನಮ್ಮ ಕಡೆಯ ಕಥೆಗಳಲ್ಲಿ ಸತ್ತವರ ಪಾದ ಹಿಂದಕ್ಕೆ ತಿರುಗಿರುತ್ತದೆ ಎಂದು ಹೇಳಿದೆ. ಅವರು, "ಒಂದು ವಾರ ಯೋಚಿಸಲಿ," ಎಂದರು.

ಆ ವಾರ ನಾನು ನಾರ್ತ್ ಕೆರೊಲಿನಾದಲ್ಲಿದ್ದ ಒಂದು ಕುಟುಂಬಕ್ಕೆ ಫೋನ್ ಮಾಡಿ, ಇವರು ಹೋಗಿ ನೋಡಿಬರಲು ಒಪ್ಪಿಸಿದೆ. ಅವರ ಮಗುವಿಗೂ ಇದೇ ಚಿಕಿತ್ಸೆ ಆಗಿತ್ತು. ತಾಯಿ ಹೋಗಲಿಲ್ಲ. ತಂದೆ ಒಬ್ಬರೇ ಹೋಗಿಬಂದರು.

"ಚೆನ್ನಾಗಿ ಓಡುತ್ತೆ ಕಣ್ರಿ ಆ ಮಗು," ಎಂದರು. "ಸೈಕಲ್ ತುಳಿಯುತ್ತೆ. ಆದ್ರೆ ಅದು ಕಾಲು ಬಿಚ್ಚಿದಾಗ ನಾನು ಎದ್ದು ಹೊರಗೆ ಹೋದೆ. ಅವರ ಮನೇಲಿ ನಿಂತು ಹಾಗೆ ಮಾಡ್ಬಾರ್ದಿತ್ತು."

ಲೋಹದ ಮೂಳೆಯನ್ನು ಮಾತ್ರ ಅವರು ಎಷ್ಟು ಸಲ ಬೇಕಾದರೂ ನೋಡಬಲ್ಲವರಾಗಿದ್ದರು. ನಮ್ಮಲ್ಲಿದ್ದ ಮಾದರಿಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ, ಸ್ಕ್ರೂ ಒಂದು ಸುತ್ತು ಹೋದರೆ ಎಷ್ಟು ಉದ್ದವಾಗುತ್ತದೆ, ಯಾವ ಮಿಶ್ರಲೋಹ, ಸವೆದರೆ ಏನು ಮಾಡುತ್ತೀರಿ ಎಂದು ಕೇಳಿದರು. ಯಂತ್ರ ಅವರಿಗೆ ಅರ್ಥವಾಗುತ್ತಿತ್ತು. ಅದನ್ನೇ ಆರಿಸಿದರು. ಅದೇನೂ ತಪ್ಪು ಆಯ್ಕೆಯಲ್ಲ. ಹಾಗೆ ಚಿಕಿತ್ಸೆಯಾಗಿ ಚೆನ್ನಾಗಿರುವ ಮಕ್ಕಳನ್ನು ಆಗಲೇ ನೋಡಿದ್ದೆ, ಆಮೇಲೂ ನೋಡಿದ್ದೇನೆ.

ಹುಡುಗಿಗೆ ನಾವು ಲೋಹದ ಮೂಳೆಯ ವಿಷಯವನ್ನಷ್ಟೇ ಹೇಳಿದೆವು. "ರೋಬಾಟ್ ಥರಾನಾ?" ಎಂದು ಕೇಳಿ ನಕ್ಕಳು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಬಯಾಪ್ಸಿಯ ಗಾಯದ ಸುತ್ತ ಚರ್ಮವನ್ನು ದೋಣಿಯಾಕಾರದಲ್ಲಿ ಕತ್ತರಿಸಿ, ಅದನ್ನು ಬಿಡದೆ ಕೆಳಗಿನ ಸ್ನಾಯುವಿನ ಸಮೇತ ಗಡ್ಡೆಯನ್ನು ಎಲ್ಲೂ ಬಯಲಾಗದಂತೆ ಇಡಿಯಾಗಿ ತೆಗೆದೆವು. ಮಂಡಿಯ ಹಿಂದೆ ರಕ್ತನಾಳವನ್ನು ಗಡ್ಡೆಯಿಂದ ಬಿಡಿಸುವ ಕೆಲಸ ಹಿರಿಯರದು. ತೆಗೆದ ಮೂಳೆಯನ್ನು ಸೀಳಿ ನೋಡಿದಾಗ ಕೀಮೋ ತನ್ನ ಕೆಲಸ ಮಾಡಿತ್ತು. ಗಡ್ಡೆಯ ಬಹುಪಾಲು ಸತ್ತಿತ್ತು. ಕ್ಯಾನ್ಸರ್‌ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಮುಂದಿನ ಕೀಮೋವೂ ಮುಗಿಯಿತು. ಕೂದಲು ಬಂತು. ಗುಂಗುರಾಗಿ ಬಂತು.

ಆದರೆ ಕಾಲು ಪ್ರತಿ ಹೆಜ್ಜೆಗೂ ಏನಾದರೊಂದು ಕೇಳುತ್ತಿತ್ತು.

ಉದ್ದ ಮಾಡುವ ಪ್ರತಿಸಲವೂ ಅರಿವಳಿಕೆ ಕೊಟ್ಟು, ಹಳೆಯ ಗಾಯದ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಕೀಲಿ ಹಾಕಿ ಸ್ಕ್ರೂ ತಿರುಗಿಸುತ್ತಿದ್ದೆವು. ಒಂದು ಸಲಕ್ಕೆ ಒಂದು ಸೆಂಟಿಮೀಟರ್ ಕೂಡ ಇಲ್ಲ. ಅದಕ್ಕಿಂತ ಹೆಚ್ಚು ಎಳೆದರೆ ನರ ತಾಳುವುದಿಲ್ಲ. ಪ್ರತಿ ಸಲವೂ ಮಂಡಿ ಸೆಟೆದುಕೊಳ್ಳುತ್ತಿತ್ತು. ಫಿಸಿಕಲ್ ಥೆರಪಿಸ್ಟ್ ವಾರಗಟ್ಟಲೆ ಅದನ್ನು ಮಡಚಿಸುತ್ತಿದ್ದಳು. ಹುಡುಗಿ ಹಲ್ಲು ಕಚ್ಚಿಕೊಳ್ಳುತ್ತಿದ್ದಳು, ಅಳುತ್ತಿರಲಿಲ್ಲ. ಅಷ್ಟರಲ್ಲಿ ಮತ್ತೆ ಬೆಳೆದಿರುತ್ತಿದ್ದಳು. ಜಿಗಿಯುವಂತಿಲ್ಲ, ಓಡುವಂತಿಲ್ಲ, ಬೀಳುವಂತಿಲ್ಲ. ಶಾಲೆಯ ಆಟದ ಹೊತ್ತಿಗೆ ಲೈಬ್ರರಿಯಲ್ಲಿ ಕೂರಬೇಕು. ಒಮ್ಮೆ ಕ್ಲಿನಿಕ್ಕಿನಲ್ಲಿ, "ಆಂಟಿ, ಈ ಕಾಲು ನಂದಾ, ನಿಮ್ದಾ?" ಎಂದು ಕೇಳಿದಳು. ತಮಾಷೆಗೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಮೂರನೆಯ ವರ್ಷ ಜ್ವರ ಬಂತು. ಗಾಯದ ಗೆರೆ ಕೆಂಪಾಗಿ ಊದಿತ್ತು. ಸೂಜಿ ಹಾಕಿ ಎಳೆದರೆ ಕೀವು. ಲೋಹದ ಸುತ್ತ ಸೋಂಕು ಕೂತರೆ ಅದನ್ನು ಓಡಿಸುವುದು ಬಹಳ ಕಷ್ಟ. ಲೋಹಕ್ಕೆ ರಕ್ತವಿಲ್ಲ, ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ತೆರೆದು ತೊಳೆದೆವು, ಮತ್ತೆ ತೊಳೆದೆವು. ಕೊನೆಗೆ ಲೋಹವನ್ನು ಪೂರ್ತಿ ತೆಗೆದು, ಆ ಜಾಗದಲ್ಲಿ ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ದಿಂಡನ್ನು ಇಟ್ಟೆವು. ಕಾಲು ಮಡಚದ ಕೋಲಾಯಿತು. ಎದೆಯಲ್ಲಿ ಔಷಧಿಯ ನಳಿಕೆ ಹೊತ್ತು, ಊರುಗೋಲು ಹಿಡಿದು ಅವಳು ಶಾಲೆಗೆ ಹೋದಳು. ಹೊಸ ಲೋಹ ಹಾಕಲು ಒಮ್ಮೆ ಪ್ರಯತ್ನಿಸಿದೆವು. ಸೋಂಕು ಮತ್ತೆ ಎದ್ದಿತು. ಮತ್ತೆ ಸಿಮೆಂಟು.

ಆ ದಿನಗಳಲ್ಲಿ ತಂದೆ ಗಿರಣಿಯ ಯಂತ್ರಗಳ ಬಗ್ಗೆ ಮಾತಾಡುವುದನ್ನು ಬಿಟ್ಟರು. ತಾಯಿ ನನ್ನನ್ನು ಯಾವುದಕ್ಕೂ ದೂರಲಿಲ್ಲ. ಪ್ರತಿ ಸಲ ಡಬ್ಬಿಯಲ್ಲಿ ಚಕ್ಕುಲಿಯೋ ಅವಲಕ್ಕಿಯೋ ತರುತ್ತಿದ್ದರು. ನನಗೆ ಅದನ್ನು ತಿನ್ನುವುದು ಕಷ್ಟವಾಗುತ್ತಿತ್ತು.

ಅವಳಿಗೆ ಹದಿಮೂರಾದ ಬೇಸಿಗೆಯಲ್ಲಿ ಕ್ಯಾನ್ಸರ್ ಬಂದ ಮಕ್ಕಳಿಗಾಗಿ ಜಾರ್ಜಿಯಾದಲ್ಲಿ ನಡೆಯುವ ಶಿಬಿರವೊಂದಕ್ಕೆ ಹೋದಳು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಕಾಲೇಜು ಹುಡುಗಿಯೊಬ್ಬಳ ಪಾದ ಹಿಂದಕ್ಕೆ ತಿರುಗಿತ್ತು. ಶಿಬಿರ ಮುಗಿದ ಮೇಲಿನ ಭೇಟಿಯಲ್ಲಿ ನಮ್ಮ ಹುಡುಗಿ ಪರೀಕ್ಷೆಯ ಮೇಜಿನ ಮೇಲೆ ಕೂತು, ತಂದೆ ತಾಯಿಯ ಎದುರಿಗೇ ಮಾತು ತೆಗೆದಳು. ಇಂಗ್ಲಿಷಿನಲ್ಲಿ, ಬಾಯಿಪಾಠ ಮಾಡಿಕೊಂಡು ಬಂದವಳಂತೆ.

"ಅವಳು ಸರೋವರದ ಕಟ್ಟೆಯಿಂದ ನೀರಿಗೆ ಜಿಗೀತಾಳೆ. ಸೈಕಲ್ ಹೊಡೀತಾಳೆ. ಆರನೇ ವಯಸ್ಸಿನಲ್ಲಿ ಇದಾದ ಮೇಲೆ ಒಂದು ಸಲವೂ ಆಪರೇಷನ್ ಆಗಿಲ್ಲ. ನನಗೆ ಅದು ಬೇಕು."

ಆಮೇಲೆ ಅಮ್ಮನಿಗೆಂದು ಕನ್ನಡದಲ್ಲಿ ಹೇಳಿದಳು: "ಅಮ್ಮ, ಅವಳ ಫುಟ್ ಸ್ಕೇರಿ ಇಲ್ಲ. ಅವಳು ಅದಕ್ಕೆ ಸಾಕ್ಸ್ ಹಾಕ್ತಾಳೆ. ಮಾಮೂಲಿ ಸಾಕ್ಸ್."

ತಾಯಿ ನನ್ನ ಮುಖ ನೋಡಿದರು. "ಆಗುತ್ತಾ ಅಕ್ಕಾ, ಈಗ?" ಎಂದರು.

ಆಗಬಹುದು ಎಂದೆ. ಲೋಹದ ಮೂಳೆ ಸೋತಾಗಲೂ ಈ ದಾರಿ ತೆರೆದಿರುತ್ತದೆ, ನರ ಸರಿಯಾಗಿದ್ದರೆ, ಕೆಳಗಿನ ಕಾಲು ಆರೋಗ್ಯವಾಗಿದ್ದರೆ. ಅವಳ ಪಾದಕ್ಕೆ ಏನೂ ಆಗಿರಲಿಲ್ಲ. ಎಲ್ಲ ಕೆಡುಕೂ ತೊಡೆಯಲ್ಲಿತ್ತು. ಆದರೆ ಇಷ್ಟು ಸಲ ಕೊಯ್ದ, ಇಷ್ಟು ಕಾಲ ಸೋಂಕು ಕೂತ ಜಾಗದಲ್ಲಿ ರಕ್ತನಾಳ ಹೇಗಿದೆಯೋ ತೆರೆಯದೆ ಗೊತ್ತಾಗುವುದಿಲ್ಲ. ಇದನ್ನು ಹಿರಿಯರು ಹುಡುಗಿಗೇ ನೇರವಾಗಿ ಹೇಳಿದರು. "ರಕ್ತ ಹೋಗದಿದ್ದರೆ ಕಾಲು ತೆಗೆಯಬೇಕಾಗುತ್ತದೆ. ಮೇಲೆ, ಸೊಂಟದ ಹತ್ತಿರ. ಉಳಿಯುವ ತುಂಡು ಗಿಡ್ಡ. ಅದಕ್ಕೆ ಕೃತಕ ಕಾಲು ಕಟ್ಟಿ ನಡೆಯುವುದು ಕಷ್ಟ."

"ಸುಮ್ನೆ ಇದ್ರೂ ಅದೇ ತಾನೆ ಕೊನೆಗೆ?" ಎಂದಳು ಹುಡುಗಿ.

ಅವರು ಹೌದು ಎಂದರು.

"ಹಾಗಾದ್ರೆ ಟ್ರೈ ಮಾಡೋಣ."

ಶಿಶಿರದಲ್ಲಿ, ರಕ್ತಪರೀಕ್ಷೆಯಲ್ಲಿ ಸೋಂಕಿನ ಸುಳಿವು ತಗ್ಗಿದ ಮೇಲೆ, ಶಸ್ತ್ರಚಿಕಿತ್ಸೆಗೆ ಇಳಿದೆವು. ರಕ್ತನಾಳಗಳ ಸರ್ಜನ್ ಒಬ್ಬರನ್ನೂ ಜೊತೆಗೆ ಕರೆದುಕೊಂಡಿದ್ದೆವು. ಮೊದಲ ಸಲ ಅದೇ ಜಾಗವನ್ನು ತೆರೆದಾಗ ಪದರಗಳು ಒಂದರಿಂದ ಒಂದು ಬಿಟ್ಟುಕೊಂಡಿದ್ದವು. ಯಾವುದು ಸ್ನಾಯು, ಯಾವುದು ನಾಳ ಎಂದು ಕಣ್ಣಿಗೇ ಕಾಣುತ್ತಿತ್ತು. ಈಗ ಎಲ್ಲವೂ ಒಂದೇ ಬಿಳಿಯ ಗಟ್ಟಿ ಕಲೆಯಾಗಿ ಕೂಡಿಕೊಂಡಿತ್ತು. ನರವನ್ನು ಬಿಡಿಸಿಕೊಳ್ಳಲು ಬೆಳಗಿನ ಹೊತ್ತೆಲ್ಲ ಹಿಡಿಯಿತು. ನರ ಸಿಕ್ಕಿತು, ಸರಿಯಾಗಿಯೇ ಇತ್ತು. ರಕ್ತನಾಳ ಬಿಡಲಿಲ್ಲ. ಕಲೆಯಲ್ಲಿ ಹೂತ ಭಾಗವನ್ನು ಕತ್ತರಿಸಿ ತೆಗೆದು, ಕಾಲನ್ನು ತಿರುಗಿಸಿ ಮೂಳೆಗೆ ಲೋಹದ ಪಟ್ಟಿ ಬಿಗಿದ ಮೇಲೆ ನಾಳದ ತುದಿಗಳನ್ನು ಮತ್ತೆ ಹೊಲಿಯಬೇಕಾಯಿತು. ಭೂತಗನ್ನಡಿ ಕಟ್ಟಿಕೊಂಡು, ಕೂದಲಿಗಿಂತ ಸಣ್ಣ ದಾರದಲ್ಲಿ. ರಕ್ತ ತಡೆದಿದ್ದ ಕ್ಲಿಪ್ಪುಗಳನ್ನು ಬಿಟ್ಟಾಗ ಬೆಳ್ಳಗಿದ್ದ ಪಾದ ನಿಧಾನವಾಗಿ, ಹೆಬ್ಬೆರಳಿನಿಂದ ಶುರುವಾಗಿ, ಗುಲಾಬಿಯಾಯಿತು. ಹಿರಿಯರು ಮುಖಗವಸಿನೊಳಗೆ ನಕ್ಕದ್ದು ಅವರ ಕಣ್ಣಿನಲ್ಲಿ ಕಂಡಿತು.

ಮಾರನೆಯ ದಿನ ನಾನು ಐಸಿಯುಗೆ ಹೋದಾಗ ಹುಡುಗಿ ಎಚ್ಚರವಾಗಿದ್ದಳು. ಹೊದಿಕೆಯಿಂದ ಪಾದ ಹೊರಗಿತ್ತು, ಹಿಮ್ಮಡಿ ಮೇಲೆ, ಬೆರಳು ಕೆಳಗೆ. ದಾದಿ ಅದರ ಮೇಲೆ ಸಣ್ಣ ಯಂತ್ರ ಇಟ್ಟು ನಾಡಿಯ ಸದ್ದು ಕೇಳಿಸುತ್ತಿದ್ದಳು. ಗಾಳಿ ಬೀಸಿದ ಹಾಗೆ ಒಂದೇ ಸಮನೆ ಬರುವ ಸದ್ದು. ಬೆರಳು ಆಡಿಸು ಎಂದೆ. ಹುಡುಗಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಬೆರಳು ಆಡಿದವು. ಆಮೇಲೆ ಹರಡು ಸ್ವಲ್ಪವೇ ಮಡಚಿತು.

"ಅದು ನನ್ನ ನೀ ಜಾಯಿಂಟ್, ಅಲ್ವಾ ಆಂಟಿ?" ಎಂದಳು.

"ಹೌದು. ಇನ್ನ ಮ್ಯಾಲೆ ಅದೇ ನಿನ್ನ ಮಂಡಿ."

ತಾಯಿ ಬಾಗಿಲ ಹತ್ತಿರ ನಿಂತಿದ್ದರು. ಒಳಗೆ ಬಂದು, ಕೈ ತೊಳೆದುಕೊಂಡು, ಸ್ವಲ್ಪ ತಡೆದು, ಆ ಪಾದದ ಮೇಲೆ ಅಂಗೈ ಇಟ್ಟರು. ಆಮೇಲೆ ಎರಡೂ ಕೈಯಲ್ಲಿ ಹಿಡಿದರು. ಹಸುಗೂಸಿನ ಪಾದ ಹಿಡಿದಂತೆ. "ಬೆಚ್ಚಗಿದೆ," ಎಂದರು. ಅವರು ಅಂದು ಊಟಕ್ಕೂ ಏಳಲಿಲ್ಲ. ನಾನು ಮಧ್ಯಾಹ್ನ ಹೋದಾಗಲೂ ಸಂಜೆ ಹೋದಾಗಲೂ ಅಲ್ಲೇ ಕೂತು ಬೆರಳುಗಳನ್ನು ಒಂದೊಂದಾಗಿ ಸವರುತ್ತಿದ್ದರು. ಮಗಳು ಬೆರಳು ಆಡಿಸುವುದು, ಅಮ್ಮ ಹಿಡಿಯುವುದು. ಇಬ್ಬರೂ ನಗುತ್ತಿದ್ದರು. ರಾತ್ರಿ ಕೊನೆಗೂ ಎದ್ದು ಬಂದು ಕಾರಿಡಾರಿನಲ್ಲಿ ನನಗೆ ಎದುರಾದಾಗ, "ಅಕ್ಕಾ, ಏನೂ ಅನ್ಸಲ್ಲ. ಅವಳದೇ ಪಾದ," ಎಂದರು, ತಮಗೆ ತಾವೇ ಆಶ್ಚರ್ಯ ಪಡುತ್ತ.

ಅದರ ಮರುದಿನ ಮಧ್ಯಾಹ್ನ ದಾದಿ ಯಂತ್ರ ಇಟ್ಟಾಗ ಸದ್ದು ಬರಲಿಲ್ಲ. ಜಾಗ ಬದಲಿಸಿ ಇಟ್ಟಳು. ಬರಲಿಲ್ಲ. ನಾನು ಓಡಿ ಹೋದಾಗ ಬೆರಳುಗಳು ನೀಲಿ ಮಿಶ್ರಿತ ಬಿಳುಪಾಗಿದ್ದವು. ತಾಯಿ ಅವನ್ನು ಉಜ್ಜುತ್ತಿದ್ದರು. "ತಣ್ಣಗಾಗ್ತಿದೆ ಅಕ್ಕಾ, ಆಗಿಂದ ಉಜ್ತಾ ಇದೀನಿ," ಎಂದರು. ಅವರ ಕೈಯನ್ನು ನಾನೇ ಬಿಡಿಸಬೇಕಾಯಿತು.

ಕೂಡಲೇ ಆಪರೇಷನ್ ಥಿಯೇಟರ್. ಹೊಲಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪು ತೆಗೆದರು, ಇನ್ನೊಂದು ಕಾಲಿನಿಂದ ಅಭಿಧಮನಿಯ ತುಂಡು ತಂದು ನಾಳಕ್ಕೆ ಜೋಡಿಸಿದರು. ಮತ್ತೆ ಪಾದಕ್ಕೆ ಬಣ್ಣ ಬಂತು. ನಾವು ಗಾಯ ಮುಚ್ಚುವಷ್ಟು ಹೊತ್ತು ಇತ್ತು. ಬೆಳಿಗ್ಗೆ ಅದೂ ಮುಚ್ಚಿಕೊಂಡಿತು. ಮೂರನೇ ಸಲ ತೆರೆದಾಗ ಕಾಲಿನ ಸ್ನಾಯುಗಳು ಮುಟ್ಟಿದರೆ ಅದುರುತ್ತಿರಲಿಲ್ಲ. ರಕ್ತನಾಳಗಳ ಸರ್ಜನ್ ಕೈ ಚೆಲ್ಲಿದರು. ಹಳೆಯ ಸೋಂಕಿನ ಕಲೆಯಲ್ಲಿ ನಾಳದ ಒಳಪದರವೇ ಕೆಟ್ಟಿದೆ, ಎಷ್ಟು ಮೇಲಕ್ಕೆ ಹೋದರೂ ಇದೇ ಗತಿ ಎಂದರು. ಸತ್ತ ಕಾಲನ್ನು ಬಿಟ್ಟರೆ ಅದರ ವಿಷದಿಂದ ಹುಡುಗಿಯ ಜೀವಕ್ಕೇ ಅಪಾಯ.

ಹಿರಿಯರು ನನ್ನನ್ನು ಕರೆದುಕೊಂಡು ಹೊರಗೆ ಬಂದರು. ತಂದೆ ನಮ್ಮ ಮುಖ ನೋಡಿಯೇ ಎದ್ದು ನಿಂತರು. ನಾನು ಹೇಳಿದೆ. ಅವರು, "ಅವಳಿಗೆ ಏನೂ ಆಗಲ್ಲ ತಾನೆ?" ಎಂದು ಮಾತ್ರ ಕೇಳಿದರು. ಆಗುವುದಿಲ್ಲ ಎಂದೆ. "ಮಾಡಿ," ಎಂದು ಸಹಿ ಹಾಕಿದರು.

ಆ ಕೆಲಸವನ್ನು ಹಿರಿಯರು ಮಾಡಿದರು, ನಾನು ಜೊತೆಗಿದ್ದೆ. ಕಾಲು ಬೇರೆಯಾದ ಮೇಲೆ ಅದನ್ನು ದಾದಿಯ ಕೈಗೆ ಕೊಡುವಾಗ ಪಾದದ ಕಡೆಗೆ ನನ್ನ ಕಣ್ಣು ಹೋಯಿತು. ಒಂದು ಗೀರು ಕೂಡ ಇಲ್ಲದ ಪಾದ. ನಾಲ್ಕು ವರ್ಷ ನಾವೆಲ್ಲ ಸೇರಿ ಕಾಪಾಡಿದ್ದು ತೊಡೆಯನ್ನು. ಕಾಪಾಡಬೇಕಾದದ್ದು ಇದಾಗಿತ್ತು ಎಂದು ಆಗ ಅನ್ನಿಸಿತು. ಹಾಗೆ ಅನ್ನಿಸಿ ಪ್ರಯೋಜನವಿಲ್ಲದ ಹೊತ್ತು ಅದು. ಕೈಗವಸು ಬಿಚ್ಚುತ್ತ ಹಿರಿಯರು, "ನಾವು ಯಾರೂ ಏನೂ ತಪ್ಪು ಮಾಡಲಿಲ್ಲ. ಅದೇ ಇದರ ಕೆಟ್ಟ ಭಾಗ," ಎಂದರು. ಅವರ ಬಾಯಿಂದ ಅಷ್ಟು ಮಾತು ಕೇಳಿದ್ದು ಅಪರೂಪ.

ಹುಡುಗಿಗೆ ಹೇಳುವ ಕೆಲಸ ನನ್ನದಾಯಿತು. ಅವಳು ಪೂರ್ತಿ ಎಚ್ಚರವಾದ ಮೇಲೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತೆ. ತಾಯಿ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದರು.

"ವರ್ಕ್ ಆಗ್ಲಿಲ್ವಾ?" ಅವಳೇ ಕೇಳಿದಳು.

"ಇಲ್ಲ ಪುಟ್ಟಿ. ರಕ್ತ ಹೋಗಲಿಲ್ಲ. ತೆಗೀಬೇಕಾಯ್ತು."

ಹೊದಿಕೆಯತ್ತ ನೋಡಿದಳು. ಅದು ಒಂದು ಕಡೆ ಚಪ್ಪಟೆಯಾಗಿತ್ತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಇಂಗ್ಲಿಷಿನಲ್ಲಿ ನಿಧಾನವಾಗಿ, "ಆದ್ರೆ ನಾನು ಅದನ್ನ ಮಡಚಿದೆ. ನೀವೂ ನೋಡಿದ್ರಿ," ಎಂದಳು.

"ನೋಡಿದೆ."

"ಮತ್ತೆ, ಮೊದಲನೇ ಸಲನೇ ಮಾಡಿದ್ರೆ? ನಾನು ನೈನ್ ಇದ್ದಾಗ? ಆಗ ವರ್ಕ್ ಆಗ್ತಿತ್ತಾ?"

ಡಾಕ್ಟರು ಇಂಥ ಪ್ರಶ್ನೆಗೆ ಹೇಳುವ ಉತ್ತರವೊಂದಿದೆ. ಖಚಿತವಾಗಿ ಯಾರೂ ಹೇಳಲಾರರು ಎಂಬುದು. ಅದು ಸುಳ್ಳೂ ಅಲ್ಲ. ನಾನು ಅದನ್ನು ಹೇಳಲು ಬಾಯಿ ತೆರೆದೆ. ಕಿಟಕಿಯ ಹತ್ತಿರದಿಂದ ತಾಯಿ ತಿರುಗಿದರು.

"ಆಗ್ತಿತ್ತು," ಎಂದರು. "ಡಾಕ್ಟರ್ ಆಂಟಿ ಆವಾಗ್ಲೇ ಇದನ್ನೇ ಮಾಡ್ಸಿ ಅಂದ್ರು. ನಾನು ಬೇಡ ಅಂದೆ. ನಂಗೆ ನೋಡೋಕೆ ಭಯ ಆಯ್ತು."

ಹುಡುಗಿ ಅಮ್ಮನನ್ನು ನೋಡುತ್ತಲೇ ಇದ್ದಳು. ಅವಳಿಗೆ ಸಿಟ್ಟು ಬಂದಿತ್ತೋ, ದುಃಖವೋ, ನನಗೆ ತಿಳಿಯಲಿಲ್ಲ. ನಾನು ಎದ್ದು ಹೋಗಬೇಕೋ ಕೂರಬೇಕೋ ಅದೂ ತಿಳಿಯಲಿಲ್ಲ. ತಾಯಿ ಕ್ಷಮೆ ಕೇಳಲಿಲ್ಲ, ಹತ್ತಿರ ಬರಲೂ ಇಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನು ಬಂದರೂ ಸರಿ ಎಂಬಂತೆ ನಿಂತಿದ್ದರು.

ಎಷ್ಟೋ ಹೊತ್ತಿನ ಮೇಲೆ ಹುಡುಗಿ ಮುಖ ತಿರುಗಿಸಿ ಛಾವಣಿ ನೋಡಿದಳು. ಆಮೇಲೆ ಮೊಣಕೈ ಊರಿ, ನೋವಿಗೆ ಕಣ್ಣು ಮುಚ್ಚಿ, ಬಲಕ್ಕೆ ಒಂದಿಷ್ಟು ಸರಿದಳು. ಹೊದಿಕೆ ಚಪ್ಪಟೆಯಾಗಿದ್ದ ಕಡೆ ಅಂಗೈಯಿಂದ ತಟ್ಟಿದಳು.

"ಬಾ ಅಮ್ಮ," ಎಂದಳು. "ಇಲ್ಲಿ ಜಾಗ ಇದೆ."